ಬಿಸಿ ಹಾಲಿನ ಡಿಗ್ರಿ

ಈಗಲೂ ಎಲ್ಲಾದರೂ ನೊರೆಹಾಲಿನ ವಾಸನೆ ಬಂದರೆ ಸಾಕು, ಕಿಕ್ಕೇರಿ ಹತ್ತಿರದ ನಮ್ಮೂರಿನ ಡೇರಿಯ ಜಗಲಿ ಕಣ್ಣಿಗೆ ಕಟ್ಟುತ್ತದೆ. ತೊಂಬತ್ತರ ದಶಕದಲ್ಲಿ ನಾನಲ್ಲಿ ಹಾಲು ಟೆಸ್ಟ್ ಮಾಡುತ್ತಿದ್ದೆ. ಪಿಯುಸಿ ಪಾಸಾದವಳೆಂಬ ಜಂಬ ಬೇರೆ. ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ಗಟ್ಟಿತನದ ಡಿಗ್ರಿ ನೋಡುವಾಗ ಊರಿಗೆ ಊರೇ ನನ್ನ ಬಾಯಿ ನೋಡುತ್ತಿತ್ತು. ತಲೆ ತಿರುಗದೆ ಇರುತ್ತದೆಯೇ?

ಒಂದು ಬೆಳಿಗ್ಗೆ ಡೇರಿಯ ಹಿಂದಿನ ಮನೆಯ ಅಜ್ಜಿ ತಂದ ಹಾಲು ಡಿಗ್ರಿ ಕಡಿಮೆ ತೋರಿಸಿತು. "ನೀರು ಬೆರ್ಸಿದ್ದೀಯ, ತಗಂಡೋಗಜ್ಜಿ" ಎಂದು ಸಾಲಿನ ಎದುರೇ ಕ್ಯಾನು ಹಿಂದಕ್ಕೆ ತಳ್ಳಿದೆ. ಯಾರೋ ಕಿಸಕ್ಕನೆ ನಕ್ಕರು. ಅಜ್ಜಿ ಕ್ಯಾನು ಎತ್ತಿಕೊಂಡು ಹೋದಳು. "ಕಳ್ಳಿ ಅನ್ನುಸ್ಕಂಡ್ಮೇಲೆ ಇನ್ನ ಆ ಮೆಟ್ಲು ತುಳಿಯಾಕಿಲ್ಲ" ಅಂದಳೆಂದು ಮಧ್ಯಾಹ್ನದೊಳಗೆ ಸುದ್ದಿ ಬಂತು.

ನಮ್ಮ ಸೆಕ್ರೆಟರಿ ಐವತ್ತು ದಾಟಿದ ಸಾಧು ಮನುಷ್ಯ. ಕೇಳಿದ್ದು ಒಂದೇ ಮಾತು: "ಹಾಲು ಬಿಸಿ ಇತ್ತೇನವ್ವ?"

ಇತ್ತು. ಆಗ ತಾನೇ ಕರೆದದ್ದು. ಬಿಸಿ ಹಾಲು ಡಿಗ್ರಿ ಕಡಿಮೆ ತೋರಿಸುತ್ತದೆ, ಆರುವ ತನಕ ಕಾಯಬೇಕು ಎಂದು ಅವರೇ ಎರಡು ಸಲ ಹೇಳಿಕೊಟ್ಟಿದ್ದರು. ಕೇಳಿಸಿಕೊಂಡವರು ಯಾರು! ಕೆಲಸ ಹೋಯಿತು ಅಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ ಅಜ್ಜಿಯ ಮುಖ ನೆನೆದು ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಸೆಕ್ರೆಟರಿಯೇ ಹೋಗಿ ಕೈಮುಗಿದು ಅಜ್ಜಿಯನ್ನು ಕರೆತಂದರು. ಎಲ್ಲರೆದುರು ಅವಳ ಬಿಸಿ ಹಾಲಿನ ಡಿಗ್ರಿ ನೋಡಿದರು, ಕಡಿಮೆಯಿತ್ತು. ಅದನ್ನೇ ಆರಿಸಿ ಮತ್ತೆ ನೋಡಿದರು, ಸರಿಯಾಗಿತ್ತು. "ತಪ್ಪು ನಂದು ಕಣಜ್ಜಿ. ಈ ಮಗೀಗೆ ನಾನೇ ಸರ್ಯಾಗಿ ಹೇಳ್ಕೊಡ್ನಿಲ್ಲ" ಎಂದರು. ನಾನು ಬಾಯಿ ತೆರೆದೆ. ಸುಮ್ಮನಿರು ಎಂಬಂತೆ ನನ್ನತ್ತ ನೋಡಿದರು.

ಅಜ್ಜಿ ಬಿಡಲಿಲ್ಲ. "ಹೇಳ್ಕೊಡಾಕ್ ಬರ್ದಿದ್ಮೇಲೆ ಅದ್ಯಾಕ್ಲಾ ಕುರ್ಚಿ ಮ್ಯಾಲೆ ಕುಂತಿದ್ದೀಯ?" ಎಂದು ಊರೆದುರು ಚೆನ್ನಾಗಿ ಉಗಿದಳು. ಅವರು ತಲೆ ತಗ್ಗಿಸಿ ಉಗಿಸಿಕೊಂಡರು. ಆಮೇಲೂ ನನಗೆ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆಮೇಲೆ ನಾಲ್ಕಾರು ಕಡೆ ದುಡಿದೆ, ಅಂಥ ಯಜಮಾನರು ಮತ್ತೆ ಸಿಗಲಿಲ್ಲ.

ಅಂದು ಸಂಜೆ ತಡೆಯಲಾಗದೆ ಅಜ್ಜಿಯ ಕೊಟ್ಟಿಗೆಗೆ ಹೋಗಿ, "ತಪ್ಪು ನಂದೇ ಅಜ್ಜಿ, ಅವ್ರು ಹೇಳ್ಕೊಟ್ಟಿದ್ರು" ಎಂದು ಅತ್ತುಬಿಟ್ಟೆ. ಹಸುವಿನ ಮೈ ತಿಕ್ಕುತ್ತಿದ್ದ ಅಜ್ಜಿ ತಿರುಗಿಯೂ ನೋಡಲಿಲ್ಲ.

"ನಂಗೊತ್ತು ಕಣ್ ಮಗ. ಅಂಗಂತ ನಿನ್ನ ಬೈದಿದ್ರೆ, ಅವ ನಿಂಗೋಸ್ಕರ ಹೇಳಿದ್ ಸುಳ್ಳು ದಂಡ ಆಗ್ತಿರ್ನಿಲ್ವಾ?"