ಕೌಜುಗದ ಮುಚ್ಚಿದ ತಿಂಗಳುಗಳು

ತಾರಸಿಯ ಮೇಲಿದ್ದ ಕೌಜುಗವನ್ನು ಅರಣ್ಯ ಇಲಾಖೆಯವರು ಯಾಕೆ ತೆಗೆದುಕೊಂಡು ಹೋದರು ಎಂದು ಮೊಮ್ಮಕ್ಕಳಾದ ನೀವಿಬ್ಬರೂ ಕೇಳಿದಿರಿ. ಆವತ್ತು ನಾನು ಸೆರಗು ಸರಿಮಾಡಿಕೊಂಡು ಒಳಗೆ ಹೋದೆ. ನಾಲ್ಕು ಜನರೆದುರು ಬಾಯಿ ಬಿಡುವುದು ನನಗೆ ಮೊದಲಿನಿಂದಲೂ ಆಗದು. ಬರೆಯುವುದಾದರೆ ಪರವಾಗಿಲ್ಲ, ಎದುರಿಗೆ ಯಾರೂ ಇರುವುದಿಲ್ಲ. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ. ನೀವು ಕನ್ನಡವನ್ನು ಬೆರಳಿಟ್ಟುಕೊಂಡು ಓದುತ್ತೀರಿ. ನನಗೂ ನಿಮಗೂ ಸುಲಭದ ಮಾತುಗಳೇ ಸಾಕು.

ದೊಡ್ಡವಳೇ, ನೀನು ಅದರ ವಿಡಿಯೋ ಹಾಕಿದ್ದರಿಂದಲೇ ಹೀಗಾಯಿತೆಂದು ಊಟ ಬಿಟ್ಟು ಕೂತೆ. ಅದನ್ನು ನೋಡಿ ಯಾರೋ ದೂರು ಕೊಟ್ಟಿರಬಹುದು. ಆದರೆ ಆ ಹಕ್ಕಿಯ ಬದುಕು ಅದಕ್ಕೆ ಎಷ್ಟೋ ಮೊದಲೇ ಕೈತಪ್ಪಿ ಹೋಗಿತ್ತು. ನಿನ್ನ ತಪ್ಪೇನೂ ಇಲ್ಲ.

ನಾನು ಮದುವೆಯಾಗಿ ಬಂದಾಗ ಕಾಡುಗೋಡಿಯ ಈ ಮನೆಯ ಹಿಂದೆ ರಾಗಿ ಹೊಲ, ಅದರಾಚೆ ಹುರುಳಿ ಹೊಲ, ಆಚೆಗೆ ಕೆರೆ. ನನ್ನ ಮಾವನವರಿಗೆ, ಅಂದರೆ ನಿಮ್ಮ ತಾತನ ಅಪ್ಪನಿಗೆ, ಒಂಟಿ ನಳಿಗೆಯ ಕೋವಿ ಇತ್ತು. ಕೋವಿ ಇದ್ದವರೆಲ್ಲ ಬೇಟೆಯಾಡುವ ಹಾಗಿರಲಿಲ್ಲ. ಕೋವಿ ಇಟ್ಟುಕೊಳ್ಳಲು ಒಂದು ಲೈಸೆನ್ಸು, ಹಕ್ಕಿ ಹೊಡೆಯಲು ಇನ್ನೊಂದು. ಎರಡನೆಯದನ್ನು ವರ್ಷವರ್ಷವೂ ಅರಣ್ಯ ಇಲಾಖೆಯಿಂದ ಹೊಸದಾಗಿ ತರಬೇಕು. ಯಾವ ಹಕ್ಕಿಯನ್ನು ಯಾವ ತಿಂಗಳಲ್ಲಿ ಹೊಡೆಯಬಹುದು, ಯಾವುದನ್ನು ಎಂದೂ ಮುಟ್ಟಬಾರದು ಎಂದೆಲ್ಲ ಅದರ ಹಿಂದೆ ಅಚ್ಚು ಹಾಕಿರುತ್ತಿದ್ದರು.

ಮಾವನವರಿಗೆ ಓದು ಬರುತ್ತಿರಲಿಲ್ಲ. ನಾನು ಬಂದ ವರ್ಷ ದಸರಾ ಕಳೆದ ಮೇಲೆ ಅವರ ಜೊತೆಗಾರರು ಜಗಲಿಯ ಮೇಲೆ ಕೂತಿದ್ದರು. ಅತ್ತೆ ಒಳಗಿನಿಂದ, "ಓದಿರೋ ಸೊಸೆ ಬಂದವ್ಳಲ್ಲ, ಅವಳ ಕೈಲೇ ಓದ್ಸಿ" ಎಂದುಬಿಟ್ಟರು. ಮಾವನ ಎದುರು ಸೊಸೆ ಮಾತಾಡುವ ಕಾಲವಲ್ಲ ಅದು. ನಾನು ಬಾಗಿಲ ಹಿಂದೆ ನಿಂತೆ. ಅತ್ತೆ ಆ ವರ್ಷದ ಲೈಸೆನ್ಸಿನ ಕಾಗದ ತಂದು ಕೈಗೆ ಕೊಟ್ಟರು. ಮಾವನವರು ಬಾಗಿಲಿಗೇ ಹೇಳಿದರು: "ಓದವ್ವ. ನನ್ಗಲ್ಲ, ಕೋವಿಗೆ ಓದು."

ಓದಿದೆ. ಕೌಜುಗ, ಲಾವಕ್ಕಿ, ಬಾತು ಇವುಗಳಿಗೆ ತಿಂಗಳುಗಳನ್ನು ಗೊತ್ತುಮಾಡಿದ್ದರು. ನವಿಲಿಗೆ ಯಾವ ತಿಂಗಳೂ ಇರಲಿಲ್ಲ. ಹೊತ್ತು ಮುಳುಗಿದ ಮೇಲೆ ಹೊಡೆಯಬಾರದು, ನೀರಿಗೆ ಬಂದದ್ದನ್ನು ಕಾದು ಹೊಡೆಯಬಾರದು, ಬಲೆ ಹಾಕಬಾರದು, ಮಾರಬಾರದು. ಹಕ್ಕಿ ಮರಿ ಮಾಡುವ ತಿಂಗಳುಗಳು ಬೇಟೆಗೆ ಪೂರ್ತಿ ಮುಚ್ಚಿರುತ್ತಿದ್ದವು. ನಮ್ಮ ಮನೆಯಲ್ಲಿ ಅದನ್ನು ಯುಗಾದಿಯಿಂದ ದಸರಾವರೆಗೆ ಎಂದು ಲೆಕ್ಕ ಹಿಡಿದಿದ್ದರು.

ಹೆಣ್ಣು ಹಕ್ಕಿಯನ್ನು ಆದಷ್ಟು ಬಿಡಬೇಕು ಎಂದು ಓದಿದಾಗ ಜಗಲಿಯ ಮೇಲಿದ್ದ ಒಬ್ಬರು ಜೋರಾಗಿ ನಕ್ಕರು. ಗಂಡು ಕೌಜುಗದ ಕಾಲಿನ ಹಿಂದೆ ಹುಂಜಕ್ಕಿರುವಂಥ ಮುಳ್ಳಿರುತ್ತದೆ, ಅಷ್ಟೇ ವ್ಯತ್ಯಾಸ. "ಕವ್ಜುಗದಲ್ಲಿ ಗಂಡ್ಯಾವ್ದು ಎಣ್ಯಾವ್ದು ಅಂತ ಎಂಗಯ್ಯ ನೋಡೋದು? ನಿಂತ್ಕಳವ್ವ, ಕಾಲ್ ತೋರ್ಸು, ಮುಳ್ಳೈತಾ ನೋಡ್ತೀನಿ ಅಂತ ಆರೋ ಅಕ್ಕೀನ ಕೇಳ್ಬೇಕಾ?"

"ನಿನ್ ಗುರಿಗೆ ಅದ್ರ ಚಿಂತೆ ಯಾಕ್ಲಾ? ನೀನ್ ಒಡುದ್ರೆ ಬೇಲಿ ತಾನೇ ಬೀಳೋದು?" ಎಂದರು ಮಾವನವರು.

ಬಾಗಿಲ ಹಿಂದೆ ನನಗೂ ನಗು ಬಂತು. ಆ ಮನೆಯಲ್ಲಿ ನಾನು ಮೊದಲು ನಕ್ಕಿದ್ದು ಆಗಲೇ. ಅಲ್ಲಿಂದ ಪ್ರತಿ ವರ್ಷ ಆ ಕಾಗದ ಓದುವುದು ನನ್ನ ಕೆಲಸವಾಯಿತು.

ಕೌಜುಗದ ಬೇಟೆಗೆ ಸಾಕಿದ ಕೌಜುಗವೇ ಬೇಕು. ಗಂಡು ಹಕ್ಕಿಯೊಂದನ್ನು ಬಿದಿರಿನ ಗೂಡಿನಲ್ಲಿ ಸಾಕಿ, ಗೂಡಿಗೆ ಬಟ್ಟೆ ಹೊದಿಸಿ ಹೊಲಕ್ಕೆ ಒಯ್ಯುತ್ತಿದ್ದರು. ಹುರುಳಿ ಹೊಲದ ಬದಿಯಲ್ಲಿಟ್ಟು ಬಟ್ಟೆ ತೆಗೆದರೆ ಅದು ಗಂಟಲು ಬಿಚ್ಚಿ ಕೂಗುತ್ತದೆ. ನನ್ನ ಜಾಗಕ್ಕೆ ಯಾರಪ್ಪ ಬಂದವನು ಎಂದು ಹೊಲದ ಗಂಡು ಹಕ್ಕಿ ಜಗಳಕ್ಕೆ ಓಡಿಬರುತ್ತದೆ. ಆಗ ಹೊಡೆಯುವುದು. ಮುಚ್ಚಿದ ತಿಂಗಳುಗಳಲ್ಲಿ ಮನೆಯಲ್ಲೇ ಇರುವ ಗೂಡಿಗೂ ಬೆಳಗಾಗುವ ಮೊದಲೇ ಬಟ್ಟೆ ಹೊದಿಸುತ್ತಿದ್ದರು. ಕತ್ತಲೆಯಲ್ಲಿದ್ದರೆ ಅದು ಕೂಗುವುದಿಲ್ಲ. ಕಾಗದದಲ್ಲಿ ಆ ಮಾತಿರಲಿಲ್ಲ. ಯಾಕೆ ಮುಚ್ಚುತ್ತೀರಿ ಎಂದು ಅತ್ತೆಯ ಮೂಲಕ ಕೇಳಿಸಿದಾಗ ಮಾವನವರು ಹೇಳಿದರು: "ಎಣ್ಣು ಮೊಟ್ಟೆ ಮೇಲೆ ಕುಂತಿರ್ತದೆ. ಇದು ಕೂಗುದ್ರೆ ಗಂಡು ಜಗಳಕ್ಕೆ ಓಡ್ಬತ್ತದೆ. ಅಷ್ಟೊತ್ತಿಗೆ ನಾಯೋ ಮುಂಗುಸೀನೋ ಬಂದ್ರೆ ಅದ್ರ ಮನೆ ಕಾಯೋರ್ಯಾರು?"

ಆಮೇಲೆ ಕಾಯಿದೆ ಬದಲಾಗುತ್ತಾ ಬಂತು. ಕಾಗದದಲ್ಲಿ ಓದಬೇಕಾದ ಹಕ್ಕಿಗಳ ಹೆಸರು ಕಮ್ಮಿಯಾದವು. ಒಂದು ವರ್ಷ ಮಾವನವರು ಕಚೇರಿಗೆ ಹೋಗಿ ಬರಿಗೈಯಲ್ಲಿ ಬಂದು, "ಇನ್ಮೇಲೆ ಕೊಡಾಕಿಲ್ವಂತೆ" ಎಂದಷ್ಟೇ ಹೇಳಿ ಚಪ್ಪಲಿ ಬಿಟ್ಟರು. ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿದರು. ಅವರಿಗೆ ಬೇಜಾರಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಗೂಡಿನಲ್ಲಿದ್ದ ಹಕ್ಕಿ ಸತ್ತ ಮೇಲೆ ಗೂಡನ್ನು ಅಟ್ಟಕ್ಕೆ ಹಾಕಿದರು. ಕೆಲವು ವರ್ಷಕ್ಕೆ ಅವರೂ ಹೋದರು.

ನಿಮ್ಮ ತಾತ ಕೋವಿ ಮುಟ್ಟಿದವರಲ್ಲ. ಅವರಿಗೆ ಬೇಕಿದ್ದದ್ದು ಆ ಕೂಗು. ನಮ್ಮ ಹುರುಳಿ ಹೊಲ ಲೇಔಟಾಗುವಾಗ ಜೇಸಿಬಿ ಬೇಲಿ ಕೀಳುತ್ತಿತ್ತು. ಇವರು ನೋಡಲು ಹೋದವರು ಟವೆಲಿನಲ್ಲಿ ಮೊಟ್ಟೆಗಳನ್ನು ಸುತ್ತಿಕೊಂಡು ಓಡುತ್ತಾ ಬಂದರು. ಬೇಲಿಯ ಬುಡದಲ್ಲಿ ಕೌಜುಗ ಇಟ್ಟ ಮೊಟ್ಟೆ. ತಾಯಿ ಎದ್ದು ಹೋಗಿತ್ತು. ನಮ್ಮ ನಾಟಿಕೋಳಿ ಕಾವಿಗೆ ಕೂತಿತ್ತು, ಅದರ ಹೊಟ್ಟೆಯ ಕೆಳಗೆ ಇಟ್ಟೆವು. ಕೆಲವು ಒಡೆದು ಮರಿಯಾದವು. ಕೋಳಿಯೇನೋ ಚೆನ್ನಾಗಿ ನೋಡಿಕೊಂಡಿತು, ಆದರೆ ಕಾಗೆ, ಬೆಕ್ಕು, ಮಳೆ ಎಲ್ಲ ಸೇರಿ ಕೊನೆಗೆ ಉಳಿದದ್ದು ಒಂದೇ. ನೀವು ನೋಡಿದ್ದು ಅದನ್ನೇ. ನಿಮ್ಮ ತಾತ ಅಟ್ಟದಿಂದ ಹಳೆಯ ಗೂಡನ್ನು ಇಳಿಸಿದರು.

"ಬೆಳೀಲಿ, ಕೂಗು ಕಲೀಲಿ. ಎದುರು ಕೂಗು ಬಂದ ದಿವ್ಸ ಬಾಗ್ಲು ತೆಗ್ದು ಬಿಟ್ಬಿಡೋಣ" ಎಂದರು.

ಎದುರು ಕೂಗು ಬಂದೇ ಬಂತು. ಆಗ ನಮ್ಮ ಬೀದಿಯ ಕೊನೆಯಲ್ಲಿ ಬೀಗ ಹಾಕಿದ್ದ ಒಂದು ಫ್ಯಾಕ್ಟರಿಯ ಕಾಂಪೌಂಡು ಇತ್ತು. ಒಳಗೆಲ್ಲ ಲಂಟಾನ, ಸೀಮೆಜಾಲಿ, ಆಳೆತ್ತರದ ಹುಲ್ಲು. ಒಂದು ಬೆಳಿಗ್ಗೆ ನಮ್ಮದು ತಾರಸಿಯಿಂದ ಕೂಗಿತು, ಅಲ್ಲಿಂದ ಇನ್ನೊಂದು ಉತ್ತರ ಕೊಟ್ಟಿತು. ನಿಮ್ಮ ತಾತ ಹಲ್ಲುಜ್ಜುವ ಬ್ರಶ್ಶು ಬಾಯಲ್ಲೇ ಇಟ್ಟುಕೊಂಡು ನನ್ನನ್ನು ಕೈಹಿಡಿದು ಮೇಲಕ್ಕೆ ಎಳೆದುಕೊಂಡು ಹೋದರು. ಮನೆಯಲ್ಲಿ ಬಾಡಿಗೆಯವರೆಲ್ಲ ನೋಡುತ್ತಿದ್ದರು, ನನಗೆ ನಾಚಿಕೆಯಾಯಿತು.

"ಬಿಟ್ಬಿಡಿ ಮತ್ತೆ" ಎಂದೆ.

"ಈಗ್ಲಾ? ಈಗ ಮುಚ್ಚಿದ ತಿಂಗ್ಳು ಕಣೇ. ಅಲ್ಲಿ ಜೋಡಿ ಗೂಡು ಕಟ್ಟಿರ್ತದೆ. ಇವ್ನು ಹೋಗಿ ಜಗಳ ಕಾಯ್ತಾನೆ, ಮೊಟ್ಟೆ ಹಾಳಾಗ್ತವೆ. ದಸರಾ ಕಳೀಲಿ" ಎಂದರು.

ಆಗ ಯುಗಾದಿ ಈಚೆಗಷ್ಟೇ ಕಳೆದಿತ್ತು. ಅವತ್ತಿನಿಂದ ಗೂಡಿಗೆ ತಮ್ಮ ಹಳೇ ಪಂಚೆ ಹೊದಿಸತೊಡಗಿದರು. ಕಾಯಿದೆಯಲ್ಲಿ ಬೇಟೆಯೇ ಇಲ್ಲವಾಗಿ ಎಷ್ಟೋ ಕಾಲವಾಗಿತ್ತು. ತಿಂಗಳುಗಳನ್ನು ಮುಚ್ಚುವವರೂ ತೆರೆಯುವವರೂ ಇರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಅವು ಮುಚ್ಚುತ್ತಿದ್ದವು, ತೆರೆಯುತ್ತಿದ್ದವು. ನನಗೂ ಅದು ಸರಿಯೆಂದೇ ತೋರಿತು. ಅಷ್ಟು ವರ್ಷ ಓದಿದವಳು ನಾನೇ ಅಲ್ಲವೇ.

ಗೌರಿಹಬ್ಬದ ಹೊತ್ತಿಗೆ ಆ ಕಾಂಪೌಂಡಿನ ಗೋಡೆಗೆ ಬಣ್ಣದ ಬೋರ್ಡು ಬಂತು. ಆಮೇಲೆ ಜೇಸಿಬಿಗಳು ಬಂದವು. ಆಯುಧಪೂಜೆಯ ದಿನ ಅವುಗಳಿಗೆ ಬಾಳೆಕಂದು ಕಟ್ಟಿ, ಮುಂದೆ ಬೂದುಗುಂಬಳ ಒಡೆದಿದ್ದರು. ಒಳಗೆ ಒಂದು ಕಡ್ಡಿ ಹಸಿರು ಉಳಿದಿರಲಿಲ್ಲ. ದಸರಾ ಕಳೆದ ಬೆಳಿಗ್ಗೆ ನಿಮ್ಮ ತಾತ ಪಂಚೆ ತೆಗೆದರು. ಹಕ್ಕಿ ಕೂಗಿತು. ಮತ್ತೆ ಕೂಗಿತು. ಮಿಕ್ಸರ್ ಲಾರಿಯ ಸದ್ದಲ್ಲದೆ ಇನ್ನೇನೂ ಬರಲಿಲ್ಲ.

ಅವರು ನನ್ನ ಮುಖ ನೋಡಲಿಲ್ಲ. ಗೂಡಿಗೆ ನೀರು ಹಾಕಿ ಕೆಳಗಿಳಿದರು.

ಅಲ್ಲಿಂದ ಮುಂದೆ ಪ್ರತಿ ವರ್ಷವೂ ಮುಚ್ಚಿದರು, ತೆಗೆದರು. ಭಾನುವಾರ ಸ್ಕೂಟರಿನಲ್ಲಿ ಹೊಸಕೋಟೆ ಕಡೆ ಹೋಗಿ ಬದುಗಳ ಮೇಲೆ ನಿಂತು ಕೇಳಿಸಿಕೊಂಡು ಬರುತ್ತಿದ್ದರು. ಬಿಡಲು ಒಂದು ಜಾಗ ಬೇಕಿತ್ತು. ಒಮ್ಮೆ ಒಂದು ಜಾಗ ಗೊತ್ತು ಮಾಡಿಕೊಂಡು ಬಂದರು. ಮುಂದಿನ ಸಲ ಹೋದಾಗ ಅಲ್ಲಿ ಸೈಟುಗಳ ಕಲ್ಲು ನೆಟ್ಟಿದ್ದರಂತೆ. ಅವರ ಕೊನೆಯ ಬೇಸಿಗೆಯಲ್ಲಿ ಯುಗಾದಿ ಕಳೆದರೂ ಗೂಡು ಹಾಗೇ ಇತ್ತು. "ಬಟ್ಟೆ ಹೊದಿಸ್ಲಿಲ್ವಾ?" ಎಂದೆ. "ಯಾರ್ ಬರ್ತಾರೆ ಬಿಡೇ" ಎಂದರು. ಆ ಮಳೆಗಾಲದಲ್ಲೇ ಹೋದರು.

ಹಕ್ಕಿ ನನ್ನ ಪಾಲಿಗೆ ಬಂತು. ಅದನ್ನು ಎಲ್ಲಿಗೆ ಸೇರಿಸುವುದೆಂಬ ಯೋಚನೆಯೂ. ನನ್ನೊಬ್ಬಳಿಂದ ಎಲ್ಲಿಗೂ ಹೋಗಲಾಗುತ್ತಿರಲಿಲ್ಲ. ನಿಮ್ಮ ಅಪ್ಪನನ್ನು ಕೇಳಿದರೆ, "ಅಮ್ಮ, ಅದು ಆರಾಮಾಗಿದೆ ಬಿಡು" ಎನ್ನುತ್ತಿದ್ದ.

ಇಲಾಖೆಯವರು ಬಂದ ದಿನ ನೀವು ಸ್ಕೂಲಿನಲ್ಲಿದ್ದಿರಿ. ಹಾವೇರಿ ಕಡೆಯ ಮಾತಿನ ಒಬ್ಬ ಅಧಿಕಾರಿ, ಜೊತೆಗೆ ಇಬ್ಬರು ಗಾರ್ಡುಗಳು. ಕೌಜುಗವನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ ಎಂದರು. ನಿಮ್ಮ ಅಪ್ಪ ಬೆವರುತ್ತಾ, "ಸಾರ್, ನಮ್ಗೆ ಗೊತ್ತಿರ್ಲಿಲ್ಲ ಸಾರ್, ತಗೊಂಡ್ಹೋಗಿ ಸಾರ್" ಎಂದು ಒಂದೇ ಸಮನೆ ಹೇಳುತ್ತಿದ್ದ. ಗಾರ್ಡು ಗೂಡಿಗೆ ಕೈ ಹಾಕಿದ. ಆಗ ನನಗೆ ಅದೇನಾಯಿತೋ, ಬಾಗಿಲ ಹಿಂದೆ ಇದ್ದವಳು ಮುಂದೆ ಬಂದೆ.

"ಈಗ ಹಿಡಿಯೋ ಹಾಗಿಲ್ಲ ಸಾರ್. ಈಗ ಮುಚ್ಚಿದ ತಿಂಗ್ಳು. ಯುಗಾದಿಯಿಂದ ದಸರಾವರ್ಗೂ ಕೌಜುಗ ಮುಟ್ಟೋ ಹಾಗಿಲ್ಲ. ನಮ್ಮ ಮಾವನವರ ಲೈಸೆನ್ಸಲ್ಲಿ ನಾನೇ ಓದಿದ್ದೀನಿ" ಎಂದೆ.

ಗಾರ್ಡುಗಳು ನಕ್ಕರು. ನಿಮ್ಮ ಅಪ್ಪ, "ಅಮ್ಮ, ಸುಮ್ನಿರಮ್ಮ, ಲೈಸೆನ್ಸು ಗೀಸೆನ್ಸು ಅನ್ಬೇಡ" ಎಂದು ಹಲ್ಲು ಕಚ್ಚಿದ.

"ಬೇಟೆ ಲೈಸೆನ್ಸ್ ಏನ್ರಿ? ಬಂದೂಕು ಐತೇನು ಮನ್ಯಾಗ?" ಎಂದು ಅಧಿಕಾರಿ ಕೇಳಿದರು.

"ಇಲ್ಲ ಸಾರ್, ಅವ್ರ ಕಾಲಕ್ಕೇ ಸ್ಟೇಷನ್ನಿಗೆ ಕೊಟ್ಟಾಯ್ತು."

ಅವರು ನನ್ನ ಕಡೆ ತಿರುಗಿದರು. ನನ್ನ ಮಗನಷ್ಟೇ ವಯಸ್ಸು. "ಅಮ್ಮಾರ, ಈಗ ಅವು ಮುಚ್ಚೂದು ತೆರಿಯೂದು ಇಲ್ರಿ. ವರ್ಷಪೂರ್ತಿ ಮುಚ್ಚಿಬಿಟ್ಟೇವಿ" ಎಂದರು.

ಮಾವನವರ ಆ ಕಾಗದದಲ್ಲಿ ಇಷ್ಟು ದೊಡ್ಡ ಮಾತು ಎಂದೂ ಇರಲಿಲ್ಲ. ಎಲ್ಲ ತಿಂಗಳೂ ಹಕ್ಕಿಯದೇ. ಆದರೆ ತಾರಸಿಯಿಂದ ಸುತ್ತ ನೋಡಿದರೆ ಗಾಜಿನ ಕಟ್ಟಡಗಳು, ಮೆಟ್ರೋ ಕಂಬಗಳು, ನೀರಿನ ಟ್ಯಾಂಕರುಗಳು.

"ಎಲ್ಲಿ ಬಿಡ್ತೀರಿ ಸಾರ್?" ಎಂದು ಕೇಳಿದೆ.

"ನೋಡೋಣ್ರಿ. ಮೊದಲ ಡಾಕ್ಟರ್ ನೋಡ್ಬೇಕು. ಕುರುಚಲ ಕಾಡ ಇದ್ದಲ್ಲಿ ಬಿಡೂಣು" ಎಂದರು. ಕೇಸು ಹಾಕಲಿಲ್ಲ, ನಾವೇ ಒಪ್ಪಿಸಿದೆವೆಂದು ಬರೆದುಕೊಂಡರು. ಒಳ್ಳೆಯವರು. ಗೂಡನ್ನು ಜೀಪಿನ ಹಿಂದೆ ಇಟ್ಟಾಗ ಹಕ್ಕಿ ಕೂಗಿತು. ಹೊಸ ಜಾಗ ಕಂಡರೆ ಅದಕ್ಕೆ ಖುಷಿ.

ನನಗೆ ದುಃಖವಾಗಲಿಲ್ಲ ಎಂದರೆ ನಂಬುತ್ತೀರಾ? ನಿಮ್ಮ ತಾತನಿಂದ ಆಗದ್ದು ಸರ್ಕಾರದಿಂದ ಆಗುತ್ತದೆ ಎಂದುಕೊಂಡೆ. ಅವರಿಗೆ ಕಾಡಿದೆ, ಜೀಪಿದೆ. ದಸರಾ ಕಳೆಯುವವರೆಗೆ ಕಾದು, ನಿಮ್ಮ ಅಪ್ಪನಿಗೆ ಗಂಟುಬಿದ್ದು ಫೋನ್ ಮಾಡಿಸಿದೆ. ಒಮ್ಮೆ ಬಂದು ನೋಡಿ ಎಂದರು.

ನಿಮ್ಮ ಅಪ್ಪನ ಜೊತೆ ಹೋದೆ. ಹಿಡಿದು ತಂದ ಹಕ್ಕಿಗಳನ್ನು ಇಲಾಖೆಯವರು ಊರಾಚೆ ಇಡುವ ಜಾಗದಲ್ಲಿ ತಂತಿ ಬಲೆಯ ದೊಡ್ಡ ದೊಡ್ಡ ಗೂಡುಗಳಿದ್ದವು. ಗಿಳಿಗಳು, ಗೂಬೆಗಳು, ರೆಕ್ಕೆ ಮುರಿದ ಹದ್ದುಗಳು. ಕೊನೆಯ ಗೂಡಿನಲ್ಲಿ ಮೂರು ಕೌಜುಗಗಳಿದ್ದವು. ಎರಡು ನಮ್ಮನ್ನು ಕಂಡದ್ದೇ ಹುಲ್ಲಿನ ಮರೆಗೆ ಓಡಿದವು. ಮೂರನೆಯದು ಬಾಗಿಲ ಹತ್ತಿರಕ್ಕೆ ಓಡಿಬಂತು. ಅದರ ತಲೆಯ ಮೇಲೆ ಗರಿ ಇರಲಿಲ್ಲ, ಉಳಿದೆರಡು ಕುಕ್ಕಿದ್ದವಂತೆ. ನಮ್ಮದೇ, ನನ್ನ ಗುರುತು ಹಿಡಿಯಿತು ಎಂದುಕೊಂಡು ನಾನು ಬಲೆಗೆ ಕೈ ಇಟ್ಟೆ. ಅದು ನನ್ನ ಕೈ ನೋಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಕಾವಲುಗಾರನ ಬೂಟಿನ ಕಡೆಗೆ ಹೋಗಿ ಕತ್ತು ಚಾಚಿತು.

"ಯಾರ್ ಬಂದ್ರೂ ಹಿಂಗೇ ಬರುತ್ತೆ ಅಜ್ಜಿ. ಎರಡು ಸಲ ಕುರುಚಲಲ್ಲಿ ಬಿಟ್ವಿ. ಜೀಪ್ ಹಿಂದೇನೇ ಓಡ್ಬಂತು. ಬಿಟ್ರೆ ಒಂದಿನ ಉಳಿಯಲ್ಲ. ಡಾಕ್ಟ್ರು ಬೇಡ ಅಂದ್ಬಿಟ್ರು" ಎಂದ ಅವನು.

"ಹಾಗಾದ್ರೆ ಇಲ್ಲೇನಾ?"

"ಇಲ್ಲೇ."

"ಇಲ್ಲೂ ಗೂಡು, ಅಲ್ಲೂ ಗೂಡು. ನಮ್ಗೆ ವಾಪಸ್ ಕೊಡ್ತೀರಾಪ್ಪ?"

ಅವನು ತಲೆ ಕೆರೆದುಕೊಂಡ. "ಹಂಗೆ ಕೊಡೋಕೆ ರೂಲ್ಸ್ ಇಲ್ಲ ಅಜ್ಜಿ."

"ಬೆಳಿಗ್ಗೆ ಕೂಗುತ್ತಾ?"

"ಕೂಗಿದ್ರೆ ಅವೆರಡೂ ಸೇರ್ಕೊಂಡು ಹೊಡೀತವೆ. ಈಗ ಬಿಟ್ಬಿಟ್ಟಿದೆ."

ನಿಮ್ಮ ಅಪ್ಪ ಗಡಿಯಾರ ನೋಡಿಕೊಂಡ. ಕಾವಲುಗಾರ ಬಕೆಟ್ಟು ಎತ್ತಿಕೊಂಡು ಗಿಳಿಗಳ ಕಡೆ ಹೊರಟ. ಹಕ್ಕಿ ಬಲೆಯ ಒಳಗಿನಿಂದಲೇ ಅವನ ಕಾಲಿನ ಜೊತೆ ಜೊತೆಗೆ ಓಡಿತು, ಮೂಲೆ ಬಂದ ಮೇಲೆ ನಿಂತಿತು. ಮುಂದಿನ ಸಲ ಫೋನ್ ಮಾಡಿಕೊಂಡು ಬನ್ನಿ ಎಂದು ಗೇಟಿನಲ್ಲಿ ಹೇಳಿದರು. ನಿಮ್ಮ ಅಪ್ಪ ಆಗಲಿ ಎಂದ. ಫೋನ್ ಮಾಡು ಎಂದು ನಾನು ಇನ್ನೊಮ್ಮೆ ಕೇಳಲಿಲ್ಲ, ಅವನೂ ಮಾಡಲಿಲ್ಲ.