ಸಂಜೆಯವರೆಗೆ ತಡೆಯದ ನೂರು ರೂಪಾಯಿ

ಶರಾಫರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸವೆದು ಹಳ್ಳಬಿದ್ದಿತ್ತು. ಮೂವತ್ತು ವರ್ಷ ಆ ಉಗುರಿನಿಂದ ಬೆಳ್ಳಿ ರೂಪಾಯಿಗಳನ್ನು ಚಿಮ್ಮಿಸಿದ ಗುರುತು ಅದು. ರೂಪಾಯಿ ಮೇಲೆದ್ದು ಕಟಕಟೆಯ ಪಕ್ಕದ ಕರಿಕಲ್ಲಿನ ಮೇಲೆ ಬೀಳುವಾಗ ಅವರು ಅದನ್ನು ನೋಡುತ್ತಿರಲಿಲ್ಲ. ಎಡಗಿವಿಯನ್ನು ತುಸು ಬಾಗಿಸಿ ಕಿಟಕಿಯಾಚೆಯ ಬೇವಿನ ಮರದ ಕಡೆ ತಿರುಗಿರುತ್ತಿದ್ದರು. ನಾಣ್ಯ ಖೋಟಾ ಆಗಿದ್ದರೆ ಒಂದೇ ಬೆರಳಿನಿಂದ ಹಿಂದಕ್ಕೆ ತಳ್ಳಿ, "ಇದಕ್ಕೆ ನೆಗಡಿ ಆಗಿದೆ, ಮನೇಲಿ ಮಲಗಿಸ್ಕೊಳ್ಳಿ" ಎನ್ನುತ್ತಿದ್ದರು.

ಶಿವಮೊಗ್ಗದ ಒಂದು ಬ್ಯಾಂಕಿನಲ್ಲಿ ಹಣ ಎಣಿಸಿ ಕೊಡುವ ಕೆಲಸ ಅವರದು. ನಾನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸೌದೆ ಒದಗಿಸುವ ಕಂಟ್ರಾಕ್ಟರರ ಹತ್ತಿರ ಗುಮಾಸ್ತ. ಪ್ರತಿ ಶನಿವಾರ ಬೆಳಗಿನ ರೈಲಿಗೆ ಬಂದು, ಕೂಲಿಯವರ ಬಟವಾಡೆಗೆ ಹಣ ಪಡೆದು, ಮಧ್ಯಾಹ್ನದ ರೈಲಿಗೆ ಹಿಂದಿರುಗುತ್ತಿದ್ದೆ. ಮೊನ್ನೆ ದಿನಚರಿಗಳನ್ನು ತೆಗೆದು ಎಣಿಸಿದೆ: ಅವರ ಕಟಕಟೆಯ ಮುಂದೆ ನಾನು ನಿಂತದ್ದು ಇನ್ನೂರ ಎಪ್ಪತ್ತೊಂದು ಶನಿವಾರ, ಒಂದು ಸೋಮವಾರ.

ಮೊದಲ ಶನಿವಾರವೇ ಅವರಿಂದ ಬುದ್ಧಿ ಹೇಳಿಸಿಕೊಂಡೆ. ಸವೆದ ನಾಲ್ಕು ರೂಪಾಯಿಗಳನ್ನು ಬದಲಿಸಲು ಅವರ ಕೈಗಿಟ್ಟು ಸುಮ್ಮನೆ ನಿಂತಿದ್ದೆ.

"ರಸೀತಿ ಕೇಳಪ್ಪ."

"ನಿಮ್ಮನ್ನ ನಂಬಲ್ವಾ ಸ್ವಾಮಿ?"

"ನಂಬಿಕೆ ಮನೇಲಿರ್ಲಿ ಮಾರಾಯ. ರಸೀತಿ ಇಲ್ದೆ ಯಾರ ಕೈಗೂ ಕಾಸು ಕೊಡ್ಬೇಡ. ನಾನು ಕೇಳಿದ್ರೂ ಕೊಡ್ಬೇಡ."

ಆ ಮಾತನ್ನು ಅಂದಿನ ಪುಟದ ಮೇಲುಗಡೆ ಬರೆದು ಕೆಳಗೆ ಗೆರೆ ಎಳೆದೆ.

ಯುದ್ಧ ಬಂದು ಬೆಳ್ಳಿ ರೂಪಾಯಿ ಮರೆಯಾಯಿತು. ಒಂದು ರೂಪಾಯಿಯ ನೋಟು ಬಂತು, ಆಮೇಲೆ ಎರಡು ರೂಪಾಯಿಯದು. ಅಳತೆಯಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಕರಿಕಲ್ಲಿನ ಮೇಲೆ ಯಾರೋ ಶಾಯಿಕುಡಿಕೆ ತಂದಿಟ್ಟರು. ಶರಾಫರು ಮಾತ್ರ ಅಭ್ಯಾಸಬಲದಿಂದ ನೋಟನ್ನೂ ಕಿವಿಯ ಹತ್ತಿರ ಹಿಡಿದು ಒಮ್ಮೆ ಸರಪರ ಅನ್ನಿಸುತ್ತಿದ್ದರು.

"ಏನ್ ಹೇಳ್ತದೆ ಸ್ವಾಮಿ?" ಎಂದು ಕೇಳಿದರೆ, "ಇದು ಮೂಗ, ಮಾರಾಯ. ಏನೂ ಹೇಳಲ್ಲ" ಎಂದು ನಗುತ್ತಿದ್ದರು.

ನಾನು ಬಾಯಿ ಬಿಡುವವರೆಗೆ ಅವರಿಗೆ ನನ್ನ ಗುರುತು ಹತ್ತುತ್ತಿರಲಿಲ್ಲ. ಮಾತಾಡಿದೊಡನೆ, "ಓ, ಭದ್ರಾವತಿ" ಎನ್ನುತ್ತಿದ್ದರು. ಅದೊಂದು ತಮಾಷೆ ಎಂದುಕೊಂಡಿದ್ದೆ.

ಶ್ರಾವಣದ ಮೊದಲ ಶನಿವಾರ ಅವರು ಕೊಟ್ಟ ಹಣದಲ್ಲಿ ಒಂದು ರೂಪಾಯಿಯ ನೂರು ನೋಟುಗಳ ಕಟ್ಟು ಇರಬೇಕಿತ್ತು. ಭದ್ರಾವತಿಯಲ್ಲಿ ಬಟವಾಡೆಗೆ ಕುಳಿತು ದಾರ ಬಿಚ್ಚಿದರೆ ಎಲ್ಲವೂ ಎರಡು ರೂಪಾಯಿಯವು. ನೂರು ರೂಪಾಯಿ ಹೆಚ್ಚಿಗೆ ಬಂದಿತ್ತು. ನನ್ನ ಐದು ತಿಂಗಳ ಸಂಬಳ ಅದು.

ಕಂಟ್ರಾಕ್ಟರರಿಗೆ ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತಲೇ, "ಅವ್ರು ಕೇಳಿದ್ರಾ?" ಎಂದರು.

"ಇಲ್ಲ."

"ಮತ್ಯಾಕೆ ನೀನು ಹೇಳ್ತೀಯ?"

"ಸೋಮವಾರ ಕೊಟ್ಟು ಬರ್ತೀನಿ."

"ಕೊಡೋ ಹಾಗಿದ್ರೆ ರೈಲ್ ಚಾರ್ಜು ನಿಂದು."

ಭಾನುವಾರ ಇಡೀ ದಿನ ಆ ಹಣ ನನ್ನ ಟ್ರಂಕಿನಲ್ಲಿತ್ತು. ಇಟ್ಟುಕೊಳ್ಳುವ ಯೋಚನೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಎರಡು ಸಲ ಬಂತು. ಎರಡನ್ನೂ ಬರೆದಿಟ್ಟಿದ್ದೇನೆ.

ಸೋಮವಾರ ಹನ್ನೊಂದಕ್ಕೆ ಕಟಕಟೆಯ ಮುಂದೆ ನಿಂತು ಕಟ್ಟನ್ನು ಮುಂದಿಟ್ಟೆ. "ಶನಿವಾರ ನೂರು ರೂಪಾಯಿ ಹೆಚ್ಚಿಗೆ ಕೊಟ್ಟಿದ್ರಿ ಸ್ವಾಮಿ."

ಅವರ ಅಂಗೈ ತಟ್ಟನೆ ಕಟ್ಟಿನ ಮೇಲೆ ಬಂತು. ಆಮೇಲೆ ಅದನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದರು. "ಇಲ್ಲಿ ಬೇಡ. ಸಂಜೆ ಮನೆಗೆ ಬಾ."

"ರಸೀತಿ?"

"ರಸೀತಿ ಬೇಡ. ಸಂಜೆ ಬಾ, ಹೇಳ್ತೀನಿ."

ರಸೀತಿಯ ಪಾಠ ಹೇಳಿದ ಮನುಷ್ಯನೇ ಬ್ಯಾಂಕಿನ ಹಣವನ್ನು ಮನೆಗೆ ತಾ ಅನ್ನುತ್ತಿದ್ದಾನೆ. ನುಂಗಲು ನೋಡುತ್ತಿದ್ದಾನೆ ಎಂದುಕೊಂಡೆ. ಕಟ್ಟನ್ನು ಎತ್ತಿಕೊಂಡು ನೇರವಾಗಿ ಬ್ಯಾಂಕಿನ ಮುಖ್ಯಸ್ಥರಾದ ಏಜೆಂಟರ ಕೋಣೆಗೆ ನಡೆದೆ. ಬೆನ್ನ ಹಿಂದೆ ಒಮ್ಮೆ, "ಭದ್ರಾವತಿ" ಎಂದು ಕರೆದದ್ದು ಕೇಳಿಸಿತು. ತಿರುಗಲಿಲ್ಲ.

ಏಜೆಂಟರು ನನ್ನನ್ನು ಹೊಗಳಿ, ಕುರ್ಚಿ ಕೊಟ್ಟು, ರಸೀತಿ ಬರೆದರು. ನಂತರ ಶರಾಫರನ್ನು ಕರೆಸಿದರು.

"ಶನಿವಾರ ನಗದು ಸರಿಯಿದೆ ಅಂತ ಸಹಿ ಹಾಕಿದೀರಿ. ಹಾಗಾದ್ರೆ ಈ ನೂರು ಎಲ್ಲಿಂದ ಬಂತು?"

"ಕಡಿಮೆ ಬಿದ್ದಿತ್ತು. ನಾನೇ ತುಂಬಿದೆ."

"ಯಾಕೆ ಹೇಳ್ಲಿಲ್ಲ?"

ಏಜೆಂಟರು ಮೇಜಿನ ಮೇಲೆ ಎರಡು ನೋಟು ಹಾಕಿದರು. "ಇದ್ರಲ್ಲಿ ಒಂದ್ರದು ಯಾವ್ದು, ಎರಡ್ರದು ಯಾವ್ದು?"

ಶರಾಫರು ಒಂದನ್ನು ಎತ್ತಿಕೊಂಡರು. ಅವರಿಗೇ ತಿಳಿಯದಂತೆ ಕೈ ಅದನ್ನು ಕಿವಿಯ ಹತ್ತಿರ ಒಯ್ದಿತು. ಬಾಗಿಲ ಬಳಿ ನಿಂತಿದ್ದ ಗುಮಾಸ್ತರಲ್ಲಿ ಯಾರೋ ಕಿಸಕ್ಕೆಂದರು. ಅವರು ನೋಟನ್ನು ಕೆಳಗಿಟ್ಟು, "ಬೆಳಕು ಸಾಲ್ದು" ಎಂದರು. ಕಿಟಕಿಯಿಂದ ಬಿಸಿಲು ಮೇಜಿನ ಉದ್ದಕ್ಕೂ ಬಿದ್ದಿತ್ತು.

ತಿಂಗಳ ಕೊನೆಗೆ ಅವರನ್ನು ಕೆಲಸದಿಂದ ಬಿಡಿಸಿದರು. ನೂರು ರೂಪಾಯಿಯನ್ನು ಅವರಿಗೇ ಹಿಂದಿರುಗಿಸಿದರಂತೆ.

ವಿಷಯ ಪೂರ್ತಿ ತಿಳಿದದ್ದು ನಾನು ಮೊದಲ ಸಲ ಅವರ ಮನೆಗೆ ಹೋದಾಗ. ಹೇಳಿದವರು ಅವರ ಹೆಂಡತಿ. ಆ ಶನಿವಾರ ಬ್ಯಾಂಕು ಬಾಗಿಲು ಹಾಕುವ ಮೊದಲು ಅವರು ಮನೆಗೆ ಓಡಿಬಂದು, ಆಕೆಯ ಬಳೆಗಳನ್ನು ಬಜಾರಿನಲ್ಲಿ ಗಿರವಿಯಿಟ್ಟು, ನಗದು ಸರಿಮಾಡಿದ್ದರು. ದಸರೆಯ ರಜೆಯಲ್ಲಿ ಕಣ್ಣಿನ ಪೊರೆ ತೆಗೆಸಲು ಮೈಸೂರಿನ ಡಾಕ್ಟರ ಹತ್ತಿರ ದಿನ ಗೊತ್ತಾಗಿತ್ತು. ಅಲ್ಲಿಯವರೆಗೆ ಬ್ಯಾಂಕಿನಲ್ಲಿ ಯಾರಿಗೂ ತಿಳಿಯದಿದ್ದರೆ ಸಾಕಿತ್ತು. ಇದ್ದದ್ದು ಎಂಟು ವಾರ.

"ಸಂಜೆವರೆಗೆ ತಡೀಲಿಲ್ವಲ್ಲಪ್ಪ ನೀನು" ಎಂದರು ಆಕೆ, ನೀರಿನ ಲೋಟ ಇಡುತ್ತ.

"ಬಿಡು ಮಾರಾಯ್ತಿ" ಎಂದರು ಶರಾಫರು. "ಹುಡುಗ ರಸೀತಿ ಕೇಳ್ದ. ನಾನೇ ಹೇಳ್ಕೊಟ್ಟಿದ್ದು."

ಅದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು.

ಆ ನೂರರಿಂದ ಬಿಡಿಸಿ ತಂದ ಬಳೆಗಳನ್ನು ದೀಪಾವಳಿಯ ಹೊತ್ತಿಗೆ ಮಾರಿದರು. ಡಾಕ್ಟರಿಗೆಂದು ಕೂಡಿಟ್ಟದ್ದು ಬಾಡಿಗೆಗೂ ಅಕ್ಕಿಗೂ ಹೋಯಿತು. ನಾನು ಏಜೆಂಟರನ್ನು ಮೂರು ಸಲ ಕಂಡೆ. ಮೂರನೆಯ ಸಲ ಅವರು, "ನೀನು ಪ್ರಾಮಾಣಿಕ ಹುಡುಗ, ಇದ್ರಲ್ಲಿ ತಲೆ ಹಾಕ್ಬೇಡ" ಎಂದರು. ಹದಿನೈದು ರೂಪಾಯಿ ಉಳಿಸಿ ಶರಾಫರ ಮುಂದಿಟ್ಟಾಗ ಅವರು ನೋಟುಗಳನ್ನು ತಡವಿ ನೋಡಿ ಹಿಂದಕ್ಕೆ ತಳ್ಳಿದರು.

"ತಗೊಂಡ್ರೆ ರಸೀತಿ ಬರ್ಕೊಡ್ಬೇಕು. ನಂಗೆ ಕಣ್ಣು ಕಾಣಲ್ವಲ್ಲ ಮಾರಾಯ."

ಅವರ ಮನೆಗೆ ನಾನು ಹೋದದ್ದು ಹತ್ತೊಂಬತ್ತು ಸಲ. ಕಡೆಕಡೆಗೆ ಅವರು ಬಾಗಿಲ ಪಕ್ಕದ ಗೋಡೆಗೊರಗಿ, ಬೀದಿಯಲ್ಲಿ ಹೋಗುವವರನ್ನು ಹೆಜ್ಜೆಯ ಸದ್ದಿನಿಂದ ಗುರುತಿಸುತ್ತಿದ್ದರು. ನನ್ನ ಗುರುತಿಗೆ ಮಾತು ಬೇಕಿರಲಿಲ್ಲ; ಮೂರು ಮನೆಯಾಚೆ ಇರುವಾಗಲೇ "ಭದ್ರಾವತಿ" ಎನ್ನುತ್ತಿದ್ದರು. ಹತ್ತೊಂಬತ್ತನೆಯ ಸಲ ಹೋದಾಗ ಕರೆಯಲಿಲ್ಲ. ಅವರು ತೀರಿಕೊಂಡು ನಾಲ್ಕು ದಿನವಾಗಿತ್ತು. ಆಕೆ ತವರಿಗೆ ಹೊರಡಲು ಪಾತ್ರೆ ಕಟ್ಟುತ್ತಿದ್ದರು. ನನ್ನನ್ನು ನೋಡಿ ಮತ್ತೆ ಗಂಟು ಬಿಗಿಯತೊಡಗಿದರು.

ಏಜೆಂಟರ ರಸೀತಿ ಇಂದಿಗೂ ಆ ಸೋಮವಾರದ ಪುಟದಲ್ಲಿದೆ. ಅವರು ಅದನ್ನು ಬರೆಯುತ್ತಿದ್ದಾಗ ನಾನು ಎದುರು ಕುರ್ಚಿಯಲ್ಲಿ ಕುಳಿತು ದಿನಚರಿ ತೆರೆದು ಎರಡು ಸಾಲು ಬರೆದಿದ್ದೆ: "ಬ್ಯಾಂಕಿನ ಹಣ ಬ್ಯಾಂಕಿಗೆ ಮುಟ್ಟಿತು. ಶರಾಫರನ್ನು ಇನ್ನು ನಂಬಬಾರದು."

ಎರಡನೆಯ ಸಾಲನ್ನು ಹೊಡೆದುಹಾಕಬೇಕೆಂದು ಎಷ್ಟೋ ಸಲ ಪುಟ ತೆರೆದಿದ್ದೇನೆ. ಹೊಡೆದುಹಾಕಿದರೆ, ನಾನು ಅದನ್ನು ಬರೆಯಲೇ ಇಲ್ಲವೆಂದು ಮುಂದೊಂದು ದಿನ ನನಗೇ ಅನ್ನಿಸಬಹುದು. ಹಾಗೇ ಬಿಟ್ಟಿದ್ದೇನೆ.