ಮೊದಲ ಸುತ್ತಿನ ಬಾಜಿ

ಇವತ್ತು ಬೆಳಿಗ್ಗೆ ಸಾಲ್ಮಿಯಾದ ಕಡಲ ಬದಿಯ ರಸ್ತೆಯಲ್ಲಿ ನಡೆದುಕೊಂಡು ಬರುವಾಗ ಹುಲ್ಲು ಕತ್ತರಿಸಿದ ವಾಸನೆ ಮೂಗಿಗೆ ಬಡಿಯಿತು. ಕುವೈತಿನಲ್ಲಿ ಇದು ಅಪರೂಪ. ಇಲ್ಲಿ ಜೂನ್ ತಿಂಗಳಲ್ಲಿ ಬರುವುದು ಧೂಳಿನ ವಾಸನೆ, ಕಾದ ಡಾಂಬರಿನ ವಾಸನೆ. ರಸ್ತೆಯ ಬದಿಯಲ್ಲಿ ಒಂದು ಚಾಪೆಯಷ್ಟಗಲದ ಹುಲ್ಲಿನ ಮೇಲೆ ಒಬ್ಬಾತ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಯಂತ್ರ ದೂಡುತ್ತಿದ್ದ. ನಾನು ನಿಂತು ಉಸಿರೆಳೆದುಕೊಂಡೆ. ಬೇರೆಯವರಿಗೆ ಈ ವಾಸನೆಗೆ ಊರು ನೆನಪಾಗುತ್ತದೋ ಏನೋ, ನನಗೆ ನೆನಪಾಗುವುದು ಟೆನಿಸ್ ಮತ್ತು ನನ್ನ ಮಾವ. ಟಿವಿಯೊಳಗಿನ ಹುಲ್ಲಿಗೆ ವಾಸನೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಮಾವ ಎಂದರೆ ನನ್ನ ಗಂಡ ಸುಧೀರನ ಅಪ್ಪ. ಕಾರ್ಕಳದ ಕಡೆಯವರು, ತುಳು ಮಾತಾಡುವ ಮನೆ. ನಾನು ಶಿರ್ವದವಳು. ಮನೆಯಲ್ಲಿ ಕೊಂಕಣಿ, ಭಾನುವಾರ ಇಗರ್ಜಿ. ನಾನು ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸ್, ಸುಧೀರ ಲಿಫ್ಟ್ ಕಂಪನಿಯಲ್ಲಿ ಇಂಜಿನಿಯರ್. ನಮ್ಮಿಬ್ಬರ ಪರಿಚಯವಾದದ್ದು ಅವನು ಆಸ್ಪತ್ರೆಯ ಲಿಫ್ಟ್ ರಿಪೇರಿಗೆ ಬಂದಾಗ. ಮದುವೆಯಾದದ್ದು ಊರಿನ ರಜೆಯಲ್ಲಿ, ಮಂಗಳೂರಿನ ರಿಜಿಸ್ಟ್ರಾರ್ ಕಚೇರಿಯಲ್ಲಿ, ಕೆಲವು ಸ್ನೇಹಿತರ ಎದುರಿಗೆ. ನನ್ನ ಅಮ್ಮ ಕೆಲವು ದಿನ ಅತ್ತು ಆಮೇಲೆ ಸಮಾಧಾನವಾದಳು. ಸುಧೀರನ ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದರು. ಮಾವ ಬೈಯಲಿಲ್ಲ, ಅಳಲಿಲ್ಲ. ಮಾತನ್ನೇ ಆಡಲಿಲ್ಲ. ಎರಡು ಮನೆಗಳ ನಡುವೆ ಬಸ್ಸಿನಲ್ಲಿ ಹೋದರೆ ಬಹಳ ದೂರವೇನಲ್ಲ. ಆದರೆ ಆ ಮನೆಯವರು ಈ ಮನೆಯ ಮೆಟ್ಟಿಲು ಹತ್ತಲಿಲ್ಲ, ಈ ಮನೆಯವರು ಆ ಮನೆಯದನ್ನು ಹತ್ತಲಿಲ್ಲ.

ನಮಗೆ ಮಗಳು ಹುಟ್ಟಿದ ಮೇಲೆ ಸುಧೀರನಿಗೆ ಅಪ್ಪನನ್ನು ಕರೆಸಬೇಕು ಎಂಬ ಹಟ ಬಂತು. ಅದೂ ಜೂನ್ ತಿಂಗಳಲ್ಲಿ. "ವೀಸಾ ಸಿಕ್ಕಿದಾಗ ಕರೆಸಬೇಕು, ಹವೆ ನೋಡಿಕೊಂಡು ಅಲ್ಲ" ಎಂದ. ಹೀಗೆ ಕುವೈತ್ ಕುದಿಯುವ ಕಾಲದಲ್ಲಿ ಮಾವ ಬಂದಿಳಿದರು. ಬಿಳಿ ಪಂಚೆ, ಬಿಳಿ ಅಂಗಿ, ಒಂದು ಸೂಟ್‌ಕೇಸು. ಸೂಟ್‌ಕೇಸಿನಲ್ಲಿ ಮೊಮ್ಮಗಳಿಗೆ ಬೆಳ್ಳಿಯ ಗೆಜ್ಜೆ, ಮತ್ತು ಅವರದೇ ಒಂದು ಸ್ಟೀಲ್ ತಟ್ಟೆ, ಲೋಟ, ಸಣ್ಣ ಪಾತ್ರೆ.

"ಅಪ್ಪನಿಗೆ ಹೊಟ್ಟೆಯ ತೊಂದರೆ ಇದೆ, ಡಾಕ್ಟರು ಪಥ್ಯ ಹೇಳಿದ್ದಾರೆ" ಎಂದ ಸುಧೀರ. ಆಫೀಸಿಗೆ ಹೋಗುವ ಮುಂಚೆ ಉಡುಪಿ ಹೋಟೆಲಿನಿಂದ ಪೊಟ್ಟಣ ತಂದಿಡುತ್ತಿದ್ದ. ರಾತ್ರಿಗೆ ಮಾವ ತಮ್ಮ ಪಾತ್ರೆಯಲ್ಲಿ ತಾವೇ ಗಂಜಿ ಬೇಯಿಸಿಕೊಳ್ಳುತ್ತಿದ್ದರು. ನಾನು ನರ್ಸ್. ಹೊಟ್ಟೆಯ ತೊಂದರೆ ಇರುವವರು ಹೋಟೆಲಿನ ವಡೆ ತಿನ್ನುವುದಿಲ್ಲ ಎಂದು ನನಗೆ ತಿಳಿಯದೆ ಇರಲಿಲ್ಲ. ಆದರೂ ನಂಬಿದೆ. ಕೆಲವು ಮಾತನ್ನು ನಂಬಿಬಿಟ್ಟರೆ ಹಗಲು ಸುಲಭವಾಗಿ ಕಳೆಯುತ್ತದೆ.

ನಾನು ಹೆರಿಗೆ ರಜೆಯಲ್ಲಿದ್ದೆ. ಮಗಳು ಆಗಷ್ಟೇ ಮಗುಚಿಕೊಳ್ಳಲು ಕಲಿತಿದ್ದಳು. ಹೊರಗೆ ಕಾಲಿಡುವಂತಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಫ್ಲ್ಯಾಟಿನಲ್ಲಿ ಒಂದು ಮಗು, ಒಂದು ಏಸಿ, ಮಾತಿಲ್ಲದ ನಾವಿಬ್ಬರು. ಮಾತು ಇದ್ದೇ ಇಲ್ಲ ಎನ್ನುವಂತಿಲ್ಲ. ಅವರು ನನ್ನೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಬ್ಯಾಂಕಿನ ಕೌಂಟರಿನಲ್ಲಿ ಮಾತಾಡುವ ಹಾಗೆ. "ಮಗು ಎದ್ದಿದೆ. ನೋಡಿಕೊಳ್ಳಿ." ನಮ್ಮ ಕಡೆ ತುಳು ಬಾರದವರು ಯಾರಿದ್ದಾರೆ? ನನಗೆ ಮೀನಿನವಳ ಜೊತೆ ಜಗಳವಾಡುವಷ್ಟು ತುಳು ಬರುತ್ತದೆ. ಅದು ಅವರಿಗೂ ಗೊತ್ತಿತ್ತು. ಆದರೂ ನನಗೆ ಸಿಕ್ಕಿದ್ದು ಬಹುವಚನದ ಕನ್ನಡ.

ಟೆನಿಸ್ ಶುರುವಾದದ್ದು ನನ್ನಿಂದಲೂ ಅಲ್ಲ, ಅವರಿಂದಲೂ ಅಲ್ಲ, ರಿಮೋಟಿನಿಂದ. ಮಧ್ಯಾಹ್ನ ಮಗು ರಿಮೋಟನ್ನು ಹೊಟ್ಟೆಯಡಿಗೆ ಹಾಕಿಕೊಂಡು ಮಗುಚಿದಳು. ಟಿವಿಯಲ್ಲಿ ಗೋಡೆಯಿಂದ ಗೋಡೆಗೆ ಹಸಿರು ಬಂತು. ಲಂಡನ್ನಿನ ಹುಲ್ಲಿನ ಅಂಗಣ, ಬಿಳಿ ಬಟ್ಟೆಯ ಇಬ್ಬರು ಆಟಗಾರರು. ಹೊರಗೆ ಬಿಸಿಲಿಗೆ ಕಿಟಕಿಯ ಗಾಜು ಮುಟ್ಟಲಾಗದ ಹಾಗಿತ್ತು. ನಾವಿಬ್ಬರೂ ಆ ಹಸಿರನ್ನೇ ನೋಡುತ್ತ ಕೂತೆವು.

ತುಂಬ ಹೊತ್ತಾದ ಮೇಲೆ ಮಾವ ಕನ್ನಡದಲ್ಲಿ, ಯಾರಿಗೂ ಅಲ್ಲ ಎಂಬಂತೆ, ಹೇಳಿದರು: "ಇಷ್ಟು ಹುಲ್ಲು ಬೆಳೆಸಿದ್ದಾರೆ. ಒಂದು ಕರುವನ್ನೂ ಬಿಟ್ಟಿಲ್ಲ."

ನನಗೆ ನಗು ಬಂತು. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಹದಿನೈದು, ಮೂವತ್ತು, ಆಮೇಲೆ ನಲವತ್ತು. ಆ ಐದು ಎಲ್ಲಿ ಹೋಯಿತು?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

"ಆ ಗಿಡ್ಡನೆಯವನು ಗೆಲ್ಲುತ್ತಾನೆ" ಎಂದರು.

"ಇಲ್ಲ ಮಾವ, ಉದ್ದದವನು."

"ಬಾಜಿ?" ಎಂದು ಕೇಳಿಬಿಟ್ಟು ತಾವೇ ಬೆಚ್ಚಿದರು.

ನನ್ನ ಮಡಿಲಲ್ಲಿ ಬೆಳ್ಳುಳ್ಳಿಯ ಬುಟ್ಟಿ ಇತ್ತು. "ಸೋತವರು ಇದನ್ನು ಸುಲಿಯಬೇಕು" ಎಂದೆ. ಈ ದೇಶದಲ್ಲಿ ಹಣವಿಟ್ಟು ಬಾಜಿ ಕಟ್ಟಿದರೆ ಪೊಲೀಸರು ಬರುತ್ತಾರೆ, ಬೆಳ್ಳುಳ್ಳಿ ಇಟ್ಟರೆ ಯಾರೂ ಬರುವುದಿಲ್ಲ. ಆಟದ ಕೊನೆಯಲ್ಲಿ ಗಿಡ್ಡನೆಯವನು ಹೊಡೆದ ಚೆಂಡು ನೆಟ್ಟಿಗೆ ಸಿಕ್ಕಿ ಅಲ್ಲೇ ಬಿತ್ತು. "ಪೋಂಡು!" ಎಂದು ಮಾವ ತೊಡೆ ತಟ್ಟಿ ಕೂಗಿದರು. ಹೋಯಿತು ಎನ್ನುವುದಕ್ಕೆ ತುಳು ಮಾತು. ಅಲ್ಲಿಂದ ಮುಂದೆ ನಮ್ಮ ನಡುವೆ ಕನ್ನಡ ಮುಗಿಯಿತು. ಇನ್ನು ಮುಂದಿನ ಮಾತೆಲ್ಲ ತುಳುವಿನದೇ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

ಮಾವನಿಗೆ ವಯಸ್ಸಿನಲ್ಲಿ ಕೋಳಿ ಅಂಕದ ಹುಚ್ಚು ಇತ್ತಂತೆ. ಅತ್ತೆ ಬಿಡಿಸಿದ್ದರು. ಕಾಳಗಕ್ಕೆಂದು ಕಾಲಿಗೆ ಬಾಳು, ಅಂದರೆ ಸಣ್ಣ ಕತ್ತಿ, ಕಟ್ಟುವ ಮುಂಚೆ ಹುಂಜವನ್ನು ಪರೀಕ್ಷಿಸುವ ಹಾಗೆಯೇ ಅವರು ಟೆನಿಸ್ ಆಟಗಾರರನ್ನು ನೋಡುತ್ತಿದ್ದರು. ಮೀನಖಂಡ, ಕುತ್ತಿಗೆ, ನಿಂತಾಗ ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ. ನನ್ನ ಶಾಸ್ತ್ರ ಇನ್ನೂ ಸುಲಭ. ಅಂಗಣಕ್ಕೆ ಇಳಿಯುವಾಗ ಯಾರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೋ ಅವರು ನನ್ನವರು. ಇಬ್ಬರೂ ಮಾಡಿಕೊಂಡರೆ ಕೂದಲು ನೋಡಿ ತೀರ್ಮಾನ. ಹೇಳುವುದಕ್ಕೇನು ನಾಚಿಕೆ, ಮಾವನ ಶಾಸ್ತ್ರ ಎಷ್ಟು ಸಲ ಕೈಕೊಟ್ಟಿತೋ ನನ್ನದೂ ಅಷ್ಟೇ ಸಲ ಕೈಕೊಟ್ಟಿತು.

ಸುಧೀರನಿಗೆ ಇದು ಅರ್ಥವಾಗಲಿಲ್ಲ. "ಎರಡನೇ ವಾರದ ಮ್ಯಾಚು ನೋಡಿ. ಈಗ ಆಡುವವರು ಯಾರೆಂದು ಯಾರಿಗೆ ಗೊತ್ತು?" ಎನ್ನುತ್ತಿದ್ದ. ನಮಗೆ ಬೇಕಾದದ್ದೇ ಅದು. ಎರಡನೇ ವಾರಕ್ಕೆ ಉಳಿಯುವುದು ಜಗತ್ತಿಗೆಲ್ಲ ಗೊತ್ತಿರುವ ಹೆಸರುಗಳು. ಅವರ ಮೇಲೆ ಬಾಜಿ ಕಟ್ಟಲು ಪೇಪರು ಓದಿದರೆ ಸಾಕು. ಮೊದಲ ಸುತ್ತಿನಲ್ಲಿ ಅಂಗಣಗಳು ಹತ್ತಾರು, ಆಡುವವರ ಹೆಸರನ್ನು ಹೇಳುವವನಿಗೇ ನಾಲಿಗೆ ತೊಡರುತ್ತದೆ. ಹುಲ್ಲು ಇನ್ನೂ ಹೊಸದು, ಕಾಲು ಜಾರುತ್ತದೆ, ಚೆಂಡು ನೆಲಕ್ಕೆ ತಾಗಿ ಏಳುವುದೇ ಇಲ್ಲ. ದೊಡ್ಡ ಆಟಗಾರನೂ ಅಲ್ಲಿ ಪೆದ್ದನ ಹಾಗೆ ಕಾಣುತ್ತಾನೆ. ಏನೂ ಗೊತ್ತಿಲ್ಲದ ಇಬ್ಬರು ಸರಿಸಮಾನವಾಗಿ ಕೂರಲು ಅಷ್ಟು ಒಳ್ಳೆಯ ಜಾಗ ನಮ್ಮ ಮನೆಯಲ್ಲಿ ಬೇರೆ ಇರಲಿಲ್ಲ. ಮಾವ ಬಟ್ಟೆ ಮಡಚಲು ಕಲಿತರು. ನಾನು ಸೋತಾಗಲೆಲ್ಲ ಅವರ ಪಂಚೆಗೆ ಇಸ್ತ್ರಿ ಹಾಕಿದೆ.

ಒಂದು ದಿನ ಒಂದು ಆಟ ಎಳೆಯುತ್ತಾ ಹೋಯಿತು. ಅವರದು ದಪ್ಪ ಮೀನಖಂಡದ ಗಿಡ್ಡ, ನನ್ನದು ಶಿಲುಬೆ ಮಾಡಿಕೊಂಡ ಉದ್ದನೆಯವನು. ಇಬ್ಬರೂ ಎರಡೆರಡು ಸೆಟ್ ಗೆದ್ದರು. ಅಷ್ಟರಲ್ಲಿ ಅಲ್ಲಿ ಮಳೆ ಬಂತು. ಹುಡುಗರು ಓಡಿ ಬಂದು ಅಂಗಣಕ್ಕೆ ಹೊದಿಕೆ ಎಳೆದರು. ಮಳೆ ಬಿಡಲಿಲ್ಲ. ಉಳಿದದ್ದು ನಾಳೆಗೆ ಎಂದು ಸಂಜೆ ಹೇಳಿದರು.

ಆ ಸಂಜೆಯೇ, ಮಗುವನ್ನು ಮಲಗಿಸುತ್ತಿದ್ದಾಗ, ಪಕ್ಕದ ಕೋಣೆಯಿಂದ ಮಾವ ತಂಗಿಯ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಊಟಕ್ಕೆ ಸುಧೀರ ಹೋಟೆಲಿನಿಂದ ತರುತ್ತಾನೆ. ಅವರ ಪಾತ್ರೆಯಲ್ಲಿ ಬೇಯಿಸಿದ್ದು ನನಗೆ ಗಂಟಲಿನಿಂದ ಇಳಿಯುವುದಿಲ್ಲ ಮಾರಾಯ್ತಿ."

ಗೊತ್ತಿದ್ದದ್ದೇ. ಆದರೂ ಕಿವಿಯಲ್ಲಿ ಕೇಳಿದಾಗ ಬೇರೆ. ಮಗು ನಿದ್ದೆಹೋದ ಮೇಲೂ ನಾನು ತೊಟ್ಟಿಲು ತೂಗುತ್ತಲೇ ಇದ್ದೆ. ನನಗೆ ಬೇಸರವಾದದ್ದು ತಟ್ಟೆಯ ಬಗ್ಗೆ ಅಲ್ಲ. ನಾನು ಸುಲಿದದ್ದಕ್ಕಿಂತ ಹೆಚ್ಚು ಬೆಳ್ಳುಳ್ಳಿಯನ್ನು ಅವರು ಸುಲಿದಿದ್ದರು, ನನ್ನ ಮಗಳ ಬಟ್ಟೆ ಮಡಚಿದ್ದರು, ಇಷ್ಟಾದ ಮೇಲೂ ನಾನು 'ಅವರು' ಆಗಿಯೇ ಉಳಿದಿದ್ದೆ.

ಮರುದಿನ ಆಟ ಶುರುವಾಗುವ ಮುಂಚೆ ಹೇಳಿದೆ: "ಮಾವ, ಬಾಜಿ ಬದಲಾಯಿಸೋಣ. ನನ್ನವನು ಗೆದ್ದರೆ ನೀವು ನಾನು ಮಾಡಿದ ಮೀನುಸಾರು ಉಣ್ಣಬೇಕು. ನನ್ನ ಪಾತ್ರೆಯಲ್ಲಿ ಮಾಡಿದ್ದು."

ಅವರು ನನ್ನ ಮುಖ ನೋಡಿದರು. ನಾನು ಕೇಳಿಸಿಕೊಂಡದ್ದು ಅವರಿಗೆ ತಿಳಿಯಿತು. ಹೊಟ್ಟೆಯ ತೊಂದರೆಯ ಮಾತು ಎತ್ತಲಿಲ್ಲ, ಅಷ್ಟರ ಮಟ್ಟಿಗೆ ಮರ್ಯಾದಸ್ಥರು.

"ನನ್ನವನು ಗೆದ್ದರೆ?" ಎಂದರು.

"ನೀವು ಕೇಳಿದ್ದು."

"ನನ್ನನ್ನು ಊರಿಗೆ ಕಳಿಸಬೇಕು. ಬಂದ ದಿನದಿಂದ ಸುಧೀರನಿಗೆ ಹೇಳುತ್ತಿದ್ದೇನೆ. ಇನ್ನೊಂದು ತಿಂಗಳು, ಇನ್ನೊಂದು ತಿಂಗಳು ಅನ್ನುತ್ತಾನೆ. ನಿನ್ನ ಮಾತು ಕೇಳುತ್ತಾನೆ ಅವನು. ಇಲ್ಲಿ ನನಗೆ ಕಿಟಕಿ ತೆರೆಯಲಿಕ್ಕೂ ಇಲ್ಲ."

ನಾನು ಇಷ್ಟು ದಿನ ಅವರನ್ನು ನನ್ನ ಮನೆಯಲ್ಲಿ ಕೂತು ನನ್ನನ್ನು ದೂರವಿಟ್ಟ ಯಜಮಾನ ಎಂದುಕೊಂಡಿದ್ದೆ. ಅವರು ಅಲ್ಲಿ ಬಂದಿಯ ಹಾಗಿದ್ದರು ಎಂದು ಹೊಳೆದದ್ದು ಆಗ.

ಐದನೇ ಸೆಟ್ಟು ಶುರುವಾಯಿತು. ಮಗು ಅತ್ತಳು, ಮಾವ ಕಣ್ಣು ಟಿವಿಯಲ್ಲಿಟ್ಟೇ ಎತ್ತಿಕೊಂಡು ತಟ್ಟಿದರು. ಕೊನೆಗೆ ನನ್ನ ಉದ್ದನೆಯವನು ನೆಟ್ಟಿನ ಹತ್ತಿರ ಓಡಿ ಒದ್ದೆ ಹುಲ್ಲಿನ ಮೇಲೆ ಜಾರಿ ಮೊಣಕಾಲೂರಿದ. ಚೆಂಡು ಅವನ ಪಕ್ಕದಲ್ಲೇ ದಾಟಿ ಹೋಯಿತು. ಆಟ ಮುಗಿಯಿತು. ಮಾವ ಕೂಗಲಿಲ್ಲ, ತೊಡೆ ತಟ್ಟಲಿಲ್ಲ.

"ಸರಿ ಮಾವ" ಎಂದೆ.

ಸುಧೀರ ರೇಗಿದ. "ಟೆನಿಸ್ ನೋಡಿ ಅಪ್ಪನನ್ನು ಮನೆಯಿಂದ ಕಳಿಸುವುದಾ? ಜನ ಏನೆಂದಾರು?"

"ಅವರಿಗೆ ಹೋಗಬೇಕಂತೆ. ನೀನು ಒಂದು ಸಲವಾದರೂ ಕೇಳಿಸಿಕೊಂಡೆಯಾ?"

"ಅವರು ನಿನ್ನ ಜೊತೆ ಈಗಷ್ಟೇ ಹೊಂದಿಕೊಳ್ಳುತ್ತಿದ್ದರು."

"ದಿನಾ ಹೋಟೆಲ್ ಪೊಟ್ಟಣ ತರುವವನು ನೀನು. ನಿನಗೆ ಯಾಕೆ ಅಂತ ಗೊತ್ತಿರಲಿಲ್ಲವಾ?"

ಅವನು ಮರುದಿನ ಟಿಕೆಟ್ ಮಾಡಿಸಿದ.

ಹೊರಡುವ ಹಿಂದಿನ ದಿನ ಮಾವ ಸುಧೀರನನ್ನು ಕರೆದುಕೊಂಡು ಮೀನಿನ ಮಾರುಕಟ್ಟೆಗೆ ಹೋಗಿ ಬಂಗುಡೆ ತಂದರು. ನೇರವಾಗಿ ಅಡುಗೆಮನೆಗೆ ಬಂದು, "ಮಣ್ಣಿನ ಪಾತ್ರೆ ಇದೆಯಾ?" ಎಂದು ಕೇಳಿದರು. ಇತ್ತು. ಅಮ್ಮ ಸೀರೆಯಲ್ಲಿ ಸುತ್ತಿ ಕೊಟ್ಟು ಕಳಿಸಿದ್ದು. ಸ್ಟೀಲನ್ನಾದರೆ ಉಜ್ಜಿ ಹೊಸದು ಮಾಡಬಹುದು, ಮಣ್ಣಿನದು ಕುಡಿದದ್ದನ್ನು ಬಿಡುವುದಿಲ್ಲ.

"ಮಾವ, ಅದರಲ್ಲಿ ನಾವು ಎಲ್ಲ ಮಾಂಸವನ್ನೂ ಮಾಡುತ್ತೇವೆ" ಎಂದೆ. ಮುಚ್ಚಿಡುವುದು ನನಗೆ ಬೇಡವಾಗಿತ್ತು.

ಅವರು ಪಾತ್ರೆಯನ್ನು ತಿರುಗಿಸಿ ನೋಡಿದರು. "ತೊಳೆದಿದ್ದೀ ತಾನೆ?"

"ತೊಳೆದಿದ್ದೇನೆ."

"ಮತ್ತೆ?" ಎಂದು ಒಲೆ ಹಚ್ಚಿದರು. "ನೋಡು, ಬಾಜಿ ಗೆದ್ದವನು ನಾನು. ನೀನು ಮಾಡಿದ ಸಾರು ಉಣ್ಣಬೇಕಾಗಿಲ್ಲ. ನಾನು ಮಾಡಿದ್ದನ್ನು ನೀನು ಉಣ್ಣು."

ಅತ್ತೆ ಮಾಡುತ್ತಿದ್ದದ್ದನ್ನು ನೋಡಿ ಕಲಿತ ಅಡುಗೆ. ಮೆಣಸು ಹೆಚ್ಚಾಗಿತ್ತು, ಉಪ್ಪು ಅದಕ್ಕಿಂತ ಹೆಚ್ಚಾಗಿತ್ತು. ಅವರ ತಟ್ಟೆ ಆಗಲೇ ಸೂಟ್‌ಕೇಸಿನ ತಳ ಸೇರಿತ್ತು. ನಾನು ನಮ್ಮ ತಟ್ಟೆ ಇಟ್ಟೆ. ಅವರು ಅದರಲ್ಲೇ ಉಂಡರು. ಸುಧೀರ ತಲೆ ಎತ್ತದೆ ಉಂಡ. ಮೆಣಸಿಗೋ ಏನೋ, ಅವನ ಕಣ್ಣಲ್ಲಿ ನೀರು ಬರುತ್ತಿತ್ತು.

ಇದೆಲ್ಲ ಆಗಿ ವರ್ಷಗಳಾದವು. ಆ ಮಗಳು ಈಗ ಶಾಲೆಗೆ ಹೋಗುತ್ತಾಳೆ, ಅಜ್ಜನ ತುಳುವಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಮಾವ ಮತ್ತೆ ಕುವೈತಿಗೆ ಬರಲಿಲ್ಲ. ಬೇಸಿಗೆ ರಜೆಗೆ ನಾವು ಹೋಗುತ್ತೇವೆ. ಟೂರ್ನಿ ಶುರುವಾದ ದಿನ ಮಾತ್ರ ಅವರು ಅಲ್ಲಿ, ನಾನು ಇಲ್ಲಿ, ಫೋನಿನಲ್ಲಿ ಬಾಜಿ.

ಇವತ್ತು ಮಧ್ಯಾಹ್ನ ಮೊದಲ ಸುತ್ತು ಶುರುವಾಯಿತು. ಮಾವ ಫೋನ್ ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಕೆಟ್ಟ ಯೋಚನೆಗಳು ಬರತೊಡಗಿದವು. ನರ್ಸ್ ಆದವಳಿಗೆ ಅವು ಬೇಗ ಬರುತ್ತವೆ. ಸಂಜೆಗೆ ಶಿರ್ವದಿಂದ ಅಮ್ಮನ ಫೋನ್ ಬಂತು. ದನಿ ತಗ್ಗಿಸಿ ಕೊಂಕಣಿಯಲ್ಲಿ ಹೇಳಿದಳು: "ನಿನ್ನ ಮಾವ ಇಲ್ಲಿದ್ದಾರೆ."

"ಎಲ್ಲಿ?"

"ನಮ್ಮ ಮನೆಯಲ್ಲಿ. ಅವರ ಟಿವಿ ಸಿಡಿಲಿಗೆ ಸುಟ್ಟುಹೋಗಿದೆಯಂತೆ. ಆ ಹುಲ್ಲಿನ ಆಟ ನಿಮ್ಮಲ್ಲಿ ಬರುತ್ತದಾ ಅಂತ ಅಂಗಳದಲ್ಲಿ ನಿಂತು ಕೇಳಿದರು. ಬರುತ್ತದೆ ಅಂದೆ. ಕೊಡೆ ಮಡಚಿ ಒಳಗೆ ಬಂದು ಕೂತರು. ಕಡೇ ಬಸ್ಸೂ ಹೋಯಿತು. ರಾತ್ರಿ ಏನು ಮಾಡಲಿ? ನಮ್ಮಲ್ಲಿ ಉಣ್ಣುತ್ತಾರಾ?"

"ಅವರನ್ನೇ ಕೇಳು" ಎಂದೆ. ಅವರ ಪರವಾಗಿ ಉತ್ತರ ಕೊಡುವಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ.

ಸುಧೀರ ಆಫೀಸಿನಿಂದ ಬಂದಾಗ ವಿಷಯ ಹೇಳಿದೆ. ಅವನು ನಂಬಲಿಲ್ಲ. ಬಾಗಿಲಲ್ಲೇ ನಿಂತು ಅಪ್ಪನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಈ ಸಲ ಎತ್ತಿದರು. ಹಿಂದಿನಿಂದ ಅಮ್ಮನ ದನಿ, ಪಾತ್ರೆಯಲ್ಲಿ ಸೌಟಿನ ಸದ್ದು.

"ಅಪ್ಪ, ಎಲ್ಲಿದ್ದೀರಿ?"

"ಬೀಗಿತ್ತಿಯ ಮನೆಯಲ್ಲಿ. ಊಟಕ್ಕೆ ಕೂತಿದ್ದೇನೆ, ಆಮೇಲೆ ಮಾಡು" ಎಂದು ಇಟ್ಟುಬಿಟ್ಟರು.

 ಸುಧೀರ ಶೂ ಬಿಚ್ಚುವುದನ್ನೂ ಮರೆತು ಬಂದು ನನ್ನ ಪಕ್ಕದಲ್ಲಿ ಕೂತ.